ಚಿತ್ರದಲ್ಲಿ ಬೆನ್ನು ಎಲ್ಲಿ?

ಕಳೆದ ತಿಂಗಳು ಬೆಂಗಳೂರಿನಲ್ಲಿ ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರ ಎದುರು ಆಡಿದ ಮಾತು ಇದು. ಅದೇ ಕಟ್ಟಡದಲ್ಲಿ ಹೊಲಿಗೆ ತರಗತಿ ನಡೆಯುತ್ತದೆ. ಅಲ್ಲಿನ ಕೆಲವು ಹೆಂಗಸರೂ ಬಂದು ಕೂತಿದ್ದರು. ಮಾತನಾಡಿದ್ದನ್ನೇ ಬರೆದಿದ್ದೇನೆ, ಅಲ್ಲಲ್ಲಿ ತಿದ್ದಿದ್ದೇನೆ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ, ಹಾಗಾಗಿ ಅವನ್ನು ಮಾತಿನಲ್ಲೇ ಕಾಣಿಸಲು ಪ್ರಯತ್ನಪಟ್ಟಿದ್ದೇನೆ.

ಮೊದಲನೇ ಚಿತ್ರ ನೋಡಿ. ಒಂದು ಬಿಳಿ ಹಂಸ. ಉದ್ದ ಕೊರಳು. ಆ ಕೊರಳಿಗೆ ಒಂದು ಮುತ್ತಿನ ಸರ, ಒಂದು ಕಪ್ಪು ರಿಬ್ಬನ್ನಿನ ಗಂಟು. ಅಷ್ಟೇ. ಇದು ಏನನ್ನು ಮಾರುವ ಜಾಹೀರಾತು, ಹೇಳಿ ನೋಡೋಣ.

ಯಾರೋ "ಒಡವೆ ಅಂಗಡಿ" ಅಂದಿರಿ. ಇನ್ಯಾರೋ "ಸೋಪು" ಅಂದಿರಿ. ಎರಡೂ ಅಲ್ಲ, ಆದರೆ ಎರಡೂ ಹತ್ತಿರವೇ. ಇದು 1947ರಲ್ಲಿ ಪ್ಯಾರಿಸ್ಸಿನಲ್ಲಿ ಬಂದ 'ಮಿಸ್ ಡಿಯೋರ್' ಎಂಬ ಸೆಂಟಿನ ಜಾಹೀರಾತು. ಬರೆದವರು ರೆನೆ ಗ್ರುವೋ. ಚಿತ್ರದಲ್ಲಿ ಸೆಂಟಿನ ಬಾಟಲಿ ಕಣ್ಣಿಗೆ ಬೀಳುವುದಿಲ್ಲ. ಹೆಂಗಸೂ ಇಲ್ಲ, ಬಟ್ಟೆಯೂ ಇಲ್ಲ. ಆದರೂ ನೋಡಿದವರಿಗೆ ಒಬ್ಬಳು ಹೆಂಗಸು ಕಾಣುತ್ತಾಳೆ, ಅಲ್ವಾ? ಪಾರ್ಟಿಗೆ ಹೊರಟು ನಿಂತವಳು, ತುಸು ಜಂಬದವಳು, ಕೊರಳು ಎತ್ತಿ ಹಿಡಿದವಳು. ಬರೆಯದೇ ಇರುವುದನ್ನು ನಾವೇ ತುಂಬಿಕೊಂಡಿದ್ದೇವೆ.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಈ ಗೆರೆಯ ಬಗ್ಗೆ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಹತ್ತು ಹದಿನೈದು ವರ್ಷ ಪ್ಯಾರಿಸ್ಸಿನಲ್ಲಿ ಗೆರೆ ಬಟ್ಟೆಗಿಂತ ಮೊದಲೂ ಬರುತ್ತಿತ್ತು, ಬಟ್ಟೆ ಆದ ಮೇಲೂ ಬರುತ್ತಿತ್ತು. ನಡುವೆ ಹೊಲಿಯುವ ಕೈಗಳು ಇದ್ದವು. ಗೆರೆ ಸುಳ್ಳು ಹೇಳುತ್ತಿತ್ತು. ಆ ಸುಳ್ಳನ್ನು ನಿಜ ಮಾಡಿ ತೋರಿಸುವುದು ಆ ಕೈಗಳ ಕೆಲಸವಾಗಿತ್ತು.

ಕಥೆಯನ್ನು ಸ್ವಲ್ಪ ಹಿಂದಿನಿಂದ ಶುರುಮಾಡುತ್ತೇನೆ. 1945ರ ಮಾರ್ಚ್ ಕೊನೆ. ನಾಲ್ಕು ವರ್ಷ ಜರ್ಮನ್ನರ ಕೈಯಲ್ಲಿದ್ದ ಪ್ಯಾರಿಸ್ ಬಿಡುಗಡೆಯಾಗಿ ಏಳು ತಿಂಗಳಾಗಿದೆ, ಯೂರೋಪಿನಲ್ಲಿ ಯುದ್ಧ ಮಾತ್ರ ಇನ್ನೂ ಮುಗಿದಿಲ್ಲ. ಕಲ್ಲಿದ್ದಲಿಲ್ಲ, ಊಟಕ್ಕೆ ರೇಷನ್, ಬಟ್ಟೆಗೂ ರೇಷನ್. ಫ್ಯಾಷನ್ ಅಂದರೆ ಪ್ಯಾರಿಸ್ ಅನ್ನುತ್ತಿದ್ದ ಅಮೆರಿಕದವರು ಈ ನಾಲ್ಕು ವರ್ಷದಲ್ಲಿ ಪ್ಯಾರಿಸ್ ಇಲ್ಲದೆ ಬದುಕುವುದನ್ನು ಕಲಿತುಬಿಟ್ಟಿದ್ದಾರೆ. ಜರ್ಮನ್ನರು ಈ ಇಡೀ ಕಸುಬನ್ನೇ ಬರ್ಲಿನ್ನಿಗೆ ಎತ್ತಿಕೊಂಡು ಹೋಗಲು ನೋಡಿದ್ದರು. ವಸ್ತ್ರವಿನ್ಯಾಸಕಾರರ ಸಂಘದ ಮುಖ್ಯಸ್ಥ ಲೂಸಿಯಾನ್ ಲೆಲಾಂಗ್ ಅದನ್ನು ಹೇಗೋ ತಪ್ಪಿಸಿದ್ದರು. ಈಗ ಕಸುಬು ಉಳಿದಿದೆ ಅಂತ ಲೋಕಕ್ಕೆ ತೋರಿಸಬೇಕು. ತೋರಿಸಲು ಬಟ್ಟೆಯೇ ಇಲ್ಲ!

ಆಗ ಬಂದ ಉಪಾಯ ಗೊಂಬೆಗಳದು. ವಸ್ತ್ರವಿನ್ಯಾಸಕಿ ನೀನಾ ರಿಚ್ಚಿ ಅವರ ಮಗ ರೊಬೇರ್ ರಿಚ್ಚಿ ಇದರ ಹಿಂದೆ ಓಡಾಡಿದವರು. ಗೊಂಬೆಗಳು ಹೇಗಿರಬೇಕೆಂದು ಯೋಚಿಸಿದ್ದು ಎಲಿಯಾನ್ ಬೊನಾಬೆಲ್ ಎಂಬ ಚಿತ್ರಗಾರ್ತಿ. ಇಪ್ಪತ್ತರ ಹರೆಯದ ಹುಡುಗಿ. ಮಾಮೂಲಿ ಗೊಂಬೆಯಂತೆ ತುಂಬಿದ ಮೈ ಬೇಡ, ತಂತಿ ಸಾಕು ಎಂದಳು. ಅವಳ ಚಿತ್ರ ನೋಡಿಕೊಂಡು ಝಾನ್ ಸ್ಯಾನ್‌ಮಾರ್ತಾನ್ ತಂತಿ ಬಗ್ಗಿಸಿ ಮೈ ಮಾಡಿದರು. ಸುಮಾರು 70 ಸೆಂಟಿಮೀಟರ್ ಎತ್ತರ, ಅಂದರೆ ನಮ್ಮ ಅರ್ಧಕ್ಕಿಂತ ಕಡಿಮೆ. ತಲೆಯನ್ನು ಕ್ಯಾಟಲಾನ್ ಶಿಲ್ಪಿ ಜೋನ್ ರೆಬುಲ್ ಪ್ಲಾಸ್ಟರಿನಲ್ಲಿ ಮಾಡಿಕೊಟ್ಟರು.

ಈ ಗೊಂಬೆಗಳ ಫೋಟೋ ಮೊದಲ ಸಲ ನೋಡಿದಾಗ ನನಗೆ ಕೂತಲ್ಲೇ ಮೈ ಜುಮ್ ಅಂದಿತ್ತು. ಯಾಕೆ ಅಂದರೆ ಇದು ಗೊಂಬೆಯೇ ಅಲ್ಲ, ಪುಸ್ತಕದಿಂದ ಎದ್ದು ಬಂದು ನಿಂತ ಗೆರೆ. ಕೈ ಅಂದರೆ ಒಂದು ತಂತಿ, ಕಾಲು ಅಂದರೆ ಇನ್ನೊಂದು. ಒಳಗೆಲ್ಲ ಗಾಳಿ. ಮೇಲೆ ಮಾತ್ರ ನಿಜವಾದ ಬಟ್ಟೆ, ನಿಜವಾದ ಹೊಲಿಗೆ. ಗುಂಡಿ ಹಾಕಬಹುದು, ಬಿಚ್ಚಬಹುದು. ಒಳ ಉಡುಪೂ ಇತ್ತು. ಯಾರಿಗೂ ಕಾಣದ ಒಳ ಉಡುಪಿಗೂ ಸರಿಯಾಗಿ ಅಂಚು ಹೊಲಿದಿದ್ದರು. ಪ್ಯಾರಿಸ್ಸಿನ ದೊಡ್ಡ ಹೆಸರುಗಳೆಲ್ಲ ಒಂದೊಂದು ಗೊಂಬೆಗೆ, ಎರಡೆರಡು ಗೊಂಬೆಗೆ ಉಡಿಸಿದರು. ಚಿತ್ರಕಾರ ಕ್ರಿಸ್ತಿಯಾನ್ ಬೆರಾರ್ ಒಟ್ಟು ಅಲಂಕಾರ ನೋಡಿಕೊಂಡರು. ಕವಿ ಝಾನ್ ಕೊಕ್ತೋ ಕೂಡ ಒಂದು ರಂಗಸಜ್ಜಿಕೆ ಮಾಡಿಕೊಟ್ಟರು. ಹೆಸರು 'ತೆಯಾತ್ರ್ ದ ಲಾ ಮೋದ್', ಫ್ಯಾಷನ್ ರಂಗಮಂದಿರ. ಲೂವ್ರ್ ಕಟ್ಟಡದ ಒಂದು ಭಾಗದಲ್ಲಿರುವ ಅಲಂಕಾರ ಕಲೆಗಳ ಸಂಗ್ರಹಾಲಯದಲ್ಲಿ ಪ್ರದರ್ಶನ ನಡೆಯಿತು. ಹೊಟ್ಟೆಗೆ ಸರಿಯಾಗಿ ಇಲ್ಲದ ಊರಿನಲ್ಲಿ ಒಂದು ಲಕ್ಷ ಜನ ಟಿಕೆಟ್ ತಗೊಂಡು ಬಂದು ಗೊಂಬೆ ನೋಡಿದರು. ಹಣ ಯುದ್ಧ ಸಂತ್ರಸ್ತರ ನಿಧಿಗೆ ಹೋಯಿತು.

ನಮ್ಮಲ್ಲಿ ದಸರಾಕ್ಕೆ ಗೊಂಬೆ ಕೂರಿಸುವವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ. ಹಳೇ ಸೀರೆಯ ತುಂಡು, ಜರಿ ಅಂಚಿನ ಚೂರು ಕೂಡಿಸಿ ಪಟ್ಟದ ಗೊಂಬೆಗೆ ಉಡಿಸುವಾಗ ನಮ್ಮಜ್ಜಿಯೂ ನೆರಿಗೆ ಎಣಿಸುತ್ತಿದ್ದರು.

ಗೊಂಬೆಗಳು ಲಂಡನ್ನಿಗೆ ಹೋದವು, ಯೂರೋಪಿನ ಬೇರೆ ಊರುಗಳಿಗೆ ಹೋದವು, 1946ರಲ್ಲಿ ನ್ಯೂಯಾರ್ಕಿಗೆ ಹೋದವು. ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋ. ಅಲ್ಲಿಂದ ವಾಪಸ್ ತರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಒಡವೆಗಳನ್ನು ಮಾತ್ರ ಹುಷಾರಾಗಿ ವಾಪಸ್ ತರಿಸಿಕೊಂಡರು! ಗೊಂಬೆಗಳು ಒಂದು ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ಬಿದ್ದಿದ್ದವು. 1952ರಲ್ಲಿ ವಾಷಿಂಗ್ಟನ್ ರಾಜ್ಯದ ಮೇರಿಹಿಲ್ ಸಂಗ್ರಹಾಲಯಕ್ಕೆ ಸೇರಿದವು. ಕೊಲಂಬಿಯಾ ನದಿಯ ದಂಡೆಯ ಮೇಲೆ, ಊರಿನಿಂದ ದೂರ ಇರುವ ಜಾಗ. ಎಂಬತ್ತರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿಗೆ ಒಯ್ದು ರಿಪೇರಿ ಮಾಡಿಸಿ ಮತ್ತೆ ಅಲ್ಲಿಗೇ ತಂದಿಟ್ಟರು. ಈಗಲೂ ಅಲ್ಲೇ ಇವೆ.

ಆ ಪ್ರದರ್ಶನ ನಡೆದಾಗ ಲೆಲಾಂಗ್ ಅವರ ಮನೆಯಲ್ಲಿ ಒಬ್ಬ ದಪ್ಪನೆಯ, ನಾಚಿಕೆ ಸ್ವಭಾವದ ವಿನ್ಯಾಸಕಾರ ಸಂಬಳಕ್ಕೆ ಕೆಲಸ ಮಾಡುತ್ತಿದ್ದರು. ಮನೆ ಅಂದರೆ ವಾಸದ ಮನೆ ಅಲ್ಲ. ಆ ಕಸುಬಿನಲ್ಲಿ ಕಂಪನಿಗೆ ಮನೆ ಅಂತಲೇ ಹೆಸರು. ಆ ಮನುಷ್ಯ ಕ್ರಿಶ್ಚಿಯನ್ ಡಿಯೋರ್. 1905ರಲ್ಲಿ ನಾರ್ಮಂಡಿಯ ಗ್ರಾನ್‌ವಿಲ್‌ನಲ್ಲಿ ಹುಟ್ಟಿದವರು. ಅಪ್ಪನದು ಗೊಬ್ಬರದ ಕಾರ್ಖಾನೆ. ಮಗ ಚಿತ್ರಗಳ ಗ್ಯಾಲರಿ ನಡೆಸಿದ. ಮೂವತ್ತರ ದಶಕದ ಶುರುವಿನಲ್ಲಿ ಮನೆತನ ಮುಳುಗಿತು, ಗ್ಯಾಲರಿಯೂ ಹೋಯಿತು. ಕೈಯಲ್ಲಿ ಕಾಸಿಲ್ಲದೆ ಟೋಪಿಯ ಚಿತ್ರ, ಗೌನಿನ ಚಿತ್ರ ಬರೆದು ಬರೆದು ಮನೆಮನೆಗೆ ಮಾರುವ ಕೆಲಸ ಹಿಡಿದರು. ಮೂವತ್ತು ದಾಟಿದ ಮೇಲೆ! ಇಲ್ಲಿ ಕೂತಿರುವವರಲ್ಲಿ ಇಪ್ಪತ್ತೆರಡಕ್ಕೇ "ತಡ ಆಯ್ತು" ಅಂತ ಗೋಳಾಡುವವರಿದ್ದಾರೆ, ಅದಕ್ಕೇ ಹೇಳಿದೆ.

1938ರಲ್ಲಿ ರೊಬೇರ್ ಪಿಗೆ ಎಂಬ ವಿನ್ಯಾಸಕಾರರು ಡಿಯೋರ್ ಅವರನ್ನು ಕೆಲಸಕ್ಕೆ ತಗೊಂಡರು. ಈ ಪಿಗೆ ನಮಗೂ ದೂರದ ನೆಂಟರೇ. 1952ರಲ್ಲಿ ಟಾಟಾದವರು ಲ್ಯಾಕ್ಮೆ ಶುರುಮಾಡಿದಾಗ ಜೊತೆಗೂಡಿದ ಫ್ರೆಂಚ್ ಕಂಪನಿಗಳಲ್ಲಿ ಪಿಗೆ ಹೆಸರಿನದೂ ಒಂದು.

ಅದೇ ಮೂವತ್ತರ ದಶಕದಲ್ಲಿ ಡಿಯೋರ್ 'ಫಿಗಾರೋ' ಪತ್ರಿಕೆಗೂ ಚಿತ್ರ ಬರೆಯುತ್ತಿದ್ದರು. ಅಲ್ಲಿಗೆ ಬರೆಯುತ್ತಿದ್ದ ಇನ್ನೊಬ್ಬರು ಗ್ರುವೋ, ನಮ್ಮ ಹಂಸದ ಚಿತ್ರದವರು. ಗ್ರುವೋ ಹುಟ್ಟಿದ್ದು 1909ರಲ್ಲಿ, ಇಟಲಿಯ ರಿಮಿನಿಯಲ್ಲಿ. ಅಪ್ಪ ಇಟಲಿಯ ಜಮೀನ್ದಾರಿ ಮನೆತನದವರು, ತಾಯಿ ಫ್ರಾನ್ಸಿನವರು. ಇಬ್ಬರೂ ಬೇರೆಯಾದರು. ಮಗ ತಾಯಿಯ ಜೊತೆ ಉಳಿದ, ತಾಯಿಯ ಹೆಸರನ್ನೇ ಇಟ್ಟುಕೊಂಡ. ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲೇ ಪತ್ರಿಕೆಗಳಿಗೆ ಚಿತ್ರ ಮಾರಲು ಶುರುಮಾಡಿದ. ಅಂದರೆ ಇಬ್ಬರೂ ಹೊಟ್ಟೆಪಾಡಿಗೆ ಪೆನ್ಸಿಲ್ ಹಿಡಿದವರೇ. ಮುಂದೆ ಒಬ್ಬರು ಬಟ್ಟೆ ಮಾಡಿದರು, ಇನ್ನೊಬ್ಬರು ಅದರ ಚಿತ್ರ ಮಾಡಿದರು.

ಬಟ್ಟೆ ಗಿರಣಿಗಳ ದೊಡ್ಡ ಧಣಿ ಮಾರ್ಸೆಲ್ ಬುಸಾಕ್ ಡಿಯೋರ್‌ಗೆ ಬಂಡವಾಳ ಹಾಕಿದರು. ಬಟ್ಟೆ ಜಾಸ್ತಿ ಖರ್ಚಾದಷ್ಟೂ ಬುಸಾಕ್‌ಗೆ ಲಾಭ, ಇದನ್ನು ನೆನಪಿಟ್ಟುಕೊಳ್ಳಿ. 30, ಅವೆನ್ಯೂ ಮೊಂತೇನ್ ಎಂಬ ವಿಳಾಸದಲ್ಲಿ ಮನೆ ಶುರುವಾಯಿತು. 1947ರ ಫೆಬ್ರವರಿ 12ರಂದು, ಕೊರೆಯುವ ಚಳಿಯಲ್ಲಿ, ಮೊದಲ ಪ್ರದರ್ಶನ. ಯುದ್ಧಕಾಲದ ಬಟ್ಟೆ ಹೇಗಿತ್ತು? ಚೌಕಾಕಾರದ ಭುಜ, ಮಂಡಿಯ ಹತ್ತಿರ ನಿಲ್ಲುವ ಸಣ್ಣ ಸ್ಕರ್ಟು. ಇಲ್ಲಿ ನೋಡಿದರೆ ಇಳಿಬಿದ್ದ ಭುಜ, ಹಿಡಿಯಷ್ಟು ಸೊಂಟ, ಮೀನಖಂಡದ ತನಕ ಹರಡಿದ ನೆರಿಗೆ. ಹುಡುಗಿಯರು ತಿರುಗಿದಾಗ ಸ್ಕರ್ಟಿನ ಅಂಚು ತಾಗಿ ಬೂದಿ ಬಟ್ಟಲುಗಳು ಉರುಳಿದವು. 'ಹಾರ್ಪರ್ಸ್ ಬಜಾರ್' ಪತ್ರಿಕೆಯ ಸಂಪಾದಕಿ ಕಾರ್ಮೆಲ್ ಸ್ನೋ ಇದು "ನ್ಯೂ ಲುಕ್" ಎಂದರು. ಆ ಹೆಸರೇ ಅಂಟಿಕೊಂಡಿತು.

ಡಿಯೋರ್ ಇಟ್ಟ ಹೆಸರು ಬೇರೆ ಇತ್ತು. ಒಂದಕ್ಕೆ 'ಕೊರೊಲ್', ಅಂದರೆ ಹೂವಿನ ದಳಗಳ ಸುತ್ತು. ಇನ್ನೊಂದಕ್ಕೆ ಸುಮ್ನೆ '8'. ಅಂಕಿ ಎಂಟು! ಮೇಲೊಂದು ಸೊನ್ನೆ, ಕೆಳಗೊಂದು ಸೊನ್ನೆ, ನಡುವೆ ಸೊಂಟ. ಮುಂದೆ 1954ರಲ್ಲಿ 'ಎಚ್', 1955ರಲ್ಲಿ 'ಎ', ಅದೇ ವರ್ಷ 'ವೈ'. ಇಂಗ್ಲಿಷ್ ಅಕ್ಷರಗಳನ್ನು ಕಣ್ಣ ಮುಂದೆ ತಂದುಕೊಳ್ಳಿ, ಆ ವರ್ಷದ ಹೆಂಗಸು ಹೇಗೆ ಕಾಣಬೇಕಿತ್ತು ಅಂತ ಗೊತ್ತಾಗುತ್ತದೆ. ಅವರು ಇದಕ್ಕೆ ಬಳಸುತ್ತಿದ್ದ ಪದವೇ 'ಲಿನ್ಯ್'. ಅಂದರೆ ಗೆರೆ. ಈ ಸಲದ ಗೆರೆ ಏನು ಅಂತ ಕೇಳುತ್ತಿದ್ದರೇ ಹೊರತು ಈ ಸಲದ ಬಟ್ಟೆ ಏನು ಅಂತ ಅಲ್ಲ. ನನ್ನ ಅನುಮಾನ ಏನೆಂದರೆ, ದೂರದ ಪತ್ರಿಕೆಗಳಿಗೆ ತಂತಿ ಕಳಿಸಲೂ ಇದು ಬಹಳ ಅನುಕೂಲವಾಗಿತ್ತು. ಒಂದೇ ಅಕ್ಷರದಲ್ಲಿ ಸುದ್ದಿ ಮುಗಿಯುತ್ತದೆ.

ಈಗ ಗೆರೆಯಿಂದ ಬಟ್ಟೆಗೆ ಹೋಗುವ ದಾರಿ ನೋಡೋಣ. ಹೊಲಿಗೆ ತರಗತಿಯವರು ಕಿವಿಗೊಡಿ.

ಪ್ರದರ್ಶನಕ್ಕೆ ಮುಂಚೆ ಡಿಯೋರ್ ಹಳ್ಳಿಯ ಮನೆಗೆ ಹೋಗಿ ಕೂತುಬಿಡುತ್ತಿದ್ದರು. ಹಾಸಿಗೆಯಲ್ಲಿ, ಸ್ನಾನದ ತೊಟ್ಟಿಯಲ್ಲಿ, ಊಟದ ಮೇಜಿನಲ್ಲಿ, ಎಲ್ಲಿ ಬೇಕಾದರೂ ಬರೆಯುವುದು. ಸಣ್ಣ ಸಣ್ಣ ಚಿತ್ರಗಳು, ನೂರಾರು. ಅವುಗಳಲ್ಲಿ ಆಯ್ದವು ಕಾರ್ಯಾಗಾರಕ್ಕೆ ಹೋಗುತ್ತಿದ್ದವು. ಕಾರ್ಯಾಗಾರದಲ್ಲಿ ಎರಡು ಬಗೆ. ಒಂದು ಗಟ್ಟಿ ಹೊಲಿಗೆಯದು, ಕೋಟು ಜಾಕೆಟ್ ಮಾಡುವುದು. ಇನ್ನೊಂದು ಇಳಿಬೀಳುವ ತೆಳು ಬಟ್ಟೆಯದು. ಪ್ರತಿಯೊಂದಕ್ಕೂ ಒಬ್ಬ ಮುಖ್ಯಸ್ಥೆ. ಅವಳು ಚಿತ್ರವನ್ನು ಓದಬೇಕು. ಓದಬೇಕು ಅಂದೆ, ನೋಡಬೇಕು ಅನ್ನಲಿಲ್ಲ. ಆ ಚಿತ್ರದಲ್ಲಿ ಅಳತೆ ಇಲ್ಲ, ಹೊಲಿಗೆ ಎಲ್ಲಿ ಬರಬೇಕೆಂದು ಇಲ್ಲ, ಎಷ್ಟೋ ಸಲ ಮುಖವೂ ಇಲ್ಲ. ನಾಲ್ಕು ಗೆರೆ ಮಾತ್ರ.

ಅದನ್ನು ಓದಿ ಅವಳು ಕೋರಾ ಬಟ್ಟೆಯಲ್ಲಿ ಒಂದು ಮಾದರಿ ಮಾಡುತ್ತಾಳೆ. ಅವರ ಭಾಷೆಯಲ್ಲಿ ಅದಕ್ಕೆ 'ತ್ವಾಲ್'. ಬಣ್ಣವಿಲ್ಲ, ಹೊಳಪಿಲ್ಲ, ಬರೀ ಆಕಾರ. ಅದನ್ನು ಹುಡುಗಿಗೆ ತೊಡಿಸಿ ಡಿಯೋರ್ ಮುಂದೆ ನಿಲ್ಲಿಸುತ್ತಾರೆ. ಅವರು ಕೋಲು ಹಿಡಿದು ಇಲ್ಲಿ ಏರಿಸಿ, ಅಲ್ಲಿ ಇಳಿಸಿ ಅನ್ನುತ್ತಾರೆ. ತ್ವಾಲ್ ಒಪ್ಪಿಗೆಯಾದ ಮೇಲೇ ರೇಷ್ಮೆಗೆ ಕತ್ತರಿ. ನಮ್ಮಲ್ಲಿ ದರ್ಜಿಗೆ ಅಳತೆ ಬ್ಲೌಸ್ ಕೊಟ್ಟು ಬರುತ್ತೇವಲ್ಲ, ಅದಕ್ಕೆ ಪೂರ್ತಿ ಉಲ್ಟಾ. ಅಳತೆ ಬ್ಲೌಸ್ ಅಂದರೆ ಈಗಾಗಲೇ ಸರಿಹೋದದ್ದರ ನೆನಪು. ತ್ವಾಲ್ ಅಂದರೆ ಇನ್ನೂ ಇಲ್ಲದ್ದರ ಊಹೆ.

ಕಾರ್ಯಾಗಾರದಲ್ಲಿ ಮುಖ್ಯಸ್ಥೆಯ ಕೆಳಗೆ ಹಲವು ಮೆಟ್ಟಿಲು. ಹೊಲಿಯುವವರನ್ನು 'ಪೆತೀತ್ ಮ್ಯಾಂ' ಎನ್ನುತ್ತಾರೆ, ಅಂದರೆ ಚಿಕ್ಕ ಕೈಗಳು. ಎಲ್ಲಕ್ಕಿಂತ ಕೆಳಗೆ ಕೆಲಸ ಕಲಿಯಲು ಬಂದ ಪುಟ್ಟ ಹುಡುಗಿ. ಅಯಸ್ಕಾಂತ ಹಿಡಿದು ನೆಲಕ್ಕೆ ಬಿದ್ದ ಗುಂಡುಸೂಜಿ ಆರಿಸುವುದು ಅವಳ ಪಾಲಿನ ಕೆಲಸ. ಇಪ್ಪತ್ತೈದಾದರೂ ಮದುವೆಯಾಗದ ಹುಡುಗಿಯರು ನವೆಂಬರ್ 25ರಂದು ಹಳದಿ ಹಸಿರು ಬಣ್ಣದ ಚೇಷ್ಟೆಯ ಟೋಪಿ ಹಾಕಿಕೊಂಡು ಹಬ್ಬ ಮಾಡುತ್ತಿದ್ದರು. ಅವತ್ತು ಧಣಿಗಳೂ ಬಂದು ಕುಣಿಯಬೇಕು. ಮಾರನೇ ದಿನ ಮತ್ತೆ ಸೂಜಿ.

ಈ ಜಾಕೆಟ್ ನೋಡಿ. 'ಬಾರ್' ಅಂತ ಇದರ ಹೆಸರು, 1947ರ ಆ ಮೊದಲ ಪ್ರದರ್ಶನದ್ದೇ. ಕೆನೆ ಬಣ್ಣದ ಒರಟು ರೇಷ್ಮೆಯ ಜಾಕೆಟ್, ಕೆಳಗೆ ಕಪ್ಪು ಉಣ್ಣೆಯ ನೆರಿಗೆ ಸ್ಕರ್ಟು. ನದಿ ದಂಡೆಯಲ್ಲಿ ಅಗಲ ಟೋಪಿ ಹಾಕಿ ನಿಂತಿರುವ ಹೆಂಗಸಿನ ಈ ಫೋಟೋ ವಿಲಿ ಮೇವಾಲ್ಡ್ ತೆಗೆದದ್ದು. ಎಲ್ಲರೂ ಇದನ್ನು 1947ರದು ಅಂದುಕೊಳ್ಳುತ್ತಾರೆ. ನಿಜಕ್ಕೂ ಎಷ್ಟೋ ವರ್ಷ ಬಿಟ್ಟು ತೆಗೆದ ಫೋಟೋ ಇದು. ಸೊಂಟದ ಕೆಳಗೆ ಜಾಕೆಟ್ ಹೂವಿನ ಹಾಗೆ ಹೊರಕ್ಕೆ ಅರಳಿದೆ. ಬಟ್ಟೆ ತಾನಾಗೇ ಹೀಗೆ ನಿಲ್ಲುವುದಿಲ್ಲ. ಒಳಗೆ ಕ್ಯಾನ್ವಾಸ್ ಇದೆ, ಪಕ್ಕೆಗೆ ಪ್ಯಾಡಿಂಗ್ ಇದೆ, ಇಸ್ತ್ರಿಪೆಟ್ಟಿಗೆಯ ಹಬೆಯಲ್ಲಿ ಬಗ್ಗಿಸಿದ ಆಕಾರ ಇದೆ. ಸೊಂಟ ಸಣ್ಣ ಕಾಣಬೇಕಾದರೆ ಪಕ್ಕೆ ದೊಡ್ಡದಾಗಬೇಕು. ಮೈಗೆ ಕೆಳಗಿಂದ ಇನ್ನೊಂದು ಬಿಗಿತ. ಮಾರ್ಸೆಲ್ ರೊಶಾಸ್ ಅವರು ಆಗಷ್ಟೇ 'ಗೇಪಿಯೇರ್' ಎಂಬ ಸೊಂಟಪಟ್ಟಿ ತಂದಿದ್ದರು. ಆ ಹೆಸರು ಬಂದದ್ದು ಕಣಜದ ಹುಳದಿಂದ. ಕಣಜದ ಸೊಂಟ ಬೇಕು ಅಂದರೆ ಕಣಜದಂತೆ ಕಟ್ಟಿಕೊಳ್ಳಬೇಕು.

ನಮ್ಮ ಮೈ ತಲೆಯ ಅಳತೆಯಲ್ಲಿ ಏಳು, ಏಳೂವರೆ ಪಟ್ಟು ಉದ್ದ. ಫ್ಯಾಷನ್ ಚಿತ್ರದ ಹೆಂಗಸು ಒಂಬತ್ತು ತಲೆ ಉದ್ದ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ಇದು ಮೊದಲ ವಾರದ ಪಾಠ. ಅಂದರೆ ಚಿತ್ರದ ಮೈ ಯಾರಿಗೂ ಇಲ್ಲ. ಆ ಚಿತ್ರ ನೋಡಿ ಬಟ್ಟೆ ಹೊಲಿದರು. ಆ ಬಟ್ಟೆಗೆ ಸರಿಯಾಗಿ ಮೈಯನ್ನು ಬಿಗಿದರು. ನನಗೆ ಗ್ರುವೋ ಗೆರೆ ತುಂಬಾ ಇಷ್ಟ. ಆ ಸೊಂಟ ಇಷ್ಟವಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಇಷ್ಟು ವರ್ಷ ಈ ಚಿತ್ರಗಳನ್ನು ನೋಡುತ್ತಾ ಬಂದಿದ್ದೇನೆ.

ಆಗಿನ ಹೆಂಗಸರೆಲ್ಲ ಒಪ್ಪಿಕೊಂಡರು ಅಂತಲೂ ಅಂದುಕೊಳ್ಳಬೇಡಿ. 1947ರಲ್ಲೇ ಮೊಂಮಾರ್ತ್ರಿನ ರ್ಯೂ ಲೆಪಿಕ್ ಸಂತೆಬೀದಿಯಲ್ಲಿ ಡಿಯೋರ್ ಬಟ್ಟೆ ತೊಟ್ಟ ಹುಡುಗಿಯರ ಫೋಟೋ ತೆಗೆಯಲು ಹೋದಾಗ, ಅಲ್ಲಿನ ಹೆಂಗಸರು ಮೈಮೇಲೆ ಬಿದ್ದು ಬಟ್ಟೆ ಹರಿದರು. ಮಕ್ಕಳಿಗೆ ಹಾಲಿಗೂ ಸಾಲು ನಿಲ್ಲುವ ಊರಿನಲ್ಲಿ ಒಂದು ಸ್ಕರ್ಟಿಗೆ ಅಷ್ಟು ಮೀಟರ್ ಬಟ್ಟೆ ಅಂದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ?

ಇನ್ನು ಬಟ್ಟೆ ಆದ ಮೇಲೆ ಬರುವ ಗೆರೆ. ಕ್ಯಾಮೆರಾ ಇರಲಿಲ್ಲವಾ ಅಂತ ನೀವು ಕೇಳಬಹುದು. ಇತ್ತು. 'ವೋಗ್' ಪತ್ರಿಕೆ 1932ರಲ್ಲೇ ಮುಖಪುಟಕ್ಕೆ ಬಣ್ಣದ ಫೋಟೋ ಹಾಕಿತ್ತು. ಆದರೂ ನಲವತ್ತು, ಐವತ್ತರ ದಶಕದಲ್ಲಿ ಚಿತ್ರಗಾರರಿಗೆ ಕೆಲಸ ಇತ್ತು. ಒಂದು ಕಾರಣ ಬಹಳ ಸಾದಾ. ಯುದ್ಧದ ನಂತರ ಕಾಗದ ಒರಟು. ಫೋಟೋವನ್ನು ಚುಕ್ಕಿ ಚುಕ್ಕಿಯಾಗಿ ಒಡೆದು ಹಾಫ್‌ಟೋನ್ ಬ್ಲಾಕ್ ಮಾಡಿ ಅಚ್ಚು ಹಾಕಿದರೆ ಅಂಥ ಕಾಗದದಲ್ಲಿ ಎಲ್ಲಾ ಮಸಿ ಮಸಿ. ಗೆರೆಚಿತ್ರದ ಲೈನ್ ಬ್ಲಾಕ್ ಮಾತ್ರ ಎಂಥ ಕಾಗದದಲ್ಲೂ ಚೂಪಾಗಿ ಬರುತ್ತದೆ. ನಮ್ಮ ಹಳೇ ವಾರಪತ್ರಿಕೆಗಳ ಕಥೆಗಳಿಗೆ ಕಪ್ಪು ಗೆರೆಯ ಹೆಂಗಸರು ಯಾಕೆ ಬರುತ್ತಿದ್ದರು ಅನ್ನುವುದಕ್ಕೂ ಇದೇ ಅರ್ಧ ಉತ್ತರ.

ಇನ್ನೊಂದು ಕಾರಣ ಕಳ್ಳತನ. ಪ್ರದರ್ಶನದ ಹಾಲಿನಲ್ಲಿ ಯಾರೂ ಪೆನ್ಸಿಲ್ ತೆಗೆದು ಚಿತ್ರ ಬರೆಯುವ ಹಾಗಿಲ್ಲ. ಖರೀದಿಗೆ ಬಂದವರು ಮೊದಲೇ ಠೇವಣಿ ಕಟ್ಟಬೇಕು. ಪತ್ರಿಕೆಗಳು ಇಂಥ ದಿನದ ಮುಂಚೆ ಚಿತ್ರ ಹಾಕಬಾರದು. ಆದರೂ ನೆನಪಿನ ಶಕ್ತಿ ಇದ್ದವರು ಹಾಲಿನಿಂದ ಹೊರಗೆ ಬಂದ ಕೂಡಲೇ ಬರೆದು ಮಾರುತ್ತಿದ್ದರು. ನಕಲಿನ ಕಾಟ ಎಷ್ಟಿತ್ತೆಂದರೆ 1952ರಲ್ಲಿ ಫ್ರಾನ್ಸ್ ಅದಕ್ಕೇ ಒಂದು ಕಾನೂನು ಮಾಡಿತು. ಒಪ್ಪಿಗೆ ಸಿಕ್ಕ ಚಿತ್ರಗಾರರ ಕೆಲಸ ಹೆಚ್ಚಾಗಿ ರಾತ್ರಿ. ಹಗಲೆಲ್ಲ ಉಡುಪು ಗಿರಾಕಿಗಳಿಗೆ ಬೇಕು. ರಾತ್ರಿ ಹುಡುಗಿ ಸುಸ್ತಾಗಿ ನಿಂತಿರುತ್ತಾಳೆ, ಬೆಳಗಿನೊಳಗೆ ಚಿತ್ರ ಪತ್ರಿಕೆಗೆ ಹೋಗಬೇಕು. ಆ ಗೆರೆಗಳ ವೇಗದಲ್ಲಿ ಸ್ವಲ್ಪ ಪಾಲು ಈ ಆತುರದ್ದೇ.

ಮೂರನೆಯ ಕಾರಣ ಗ್ರುವೋ ಅವರೇ. ಕಪ್ಪು ಶಾಯಿ, ಕೆಂಪು, ಬಿಳಿ ಕಾಗದ. 1949ರ 'ರೂಜ್ ಬೇಸೇ' ಲಿಪ್‌ಸ್ಟಿಕ್ಕಿನ ಪೋಸ್ಟರ್ ನೋಡಿ. ಹೆಂಗಸಿನ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದೆ. ಮುಖದ ಗೆರೆ ಅರ್ಧಕ್ಕೆ ನಿಂತುಹೋಗಿದೆ. ತುಟಿ ಮಾತ್ರ ಕೆಂಪು. ಕಣ್ಣು ಮುಚ್ಚಿದ್ದರಿಂದಲೇ ನಮ್ಮ ಕಣ್ಣು ತುಟಿಗೆ ಹೋಗುತ್ತದೆ. ಜಪಾನಿನ ಮರದಚ್ಚಿನ ಚಿತ್ರಗಳನ್ನೂ ಫ್ರೆಂಚ್ ಚಿತ್ರಕಾರ ತುಲೂಸ್ ಲೊತ್ರೆಕ್ ಅವರ ಪೋಸ್ಟರುಗಳನ್ನೂ ಚೆನ್ನಾಗಿ ಜೀರ್ಣಿಸಿಕೊಂಡ ಕೈ ಅದು. ಕೋಟಿನ ಒಂದು ಅಂಚು ಬರೆದು ಇನ್ನೊಂದು ಅಂಚನ್ನು ಬಿಟ್ಟುಬಿಡುತ್ತಾರೆ. ಬಿಟ್ಟ ಜಾಗದಲ್ಲಿ ಬೆಳಕು ಬಿದ್ದಿದೆ ಅನ್ನಿಸುತ್ತದೆ. ವಿದ್ಯಾರ್ಥಿಗಳು ಇದನ್ನು ನಕಲು ಮಾಡಲು ಹೋದರೆ ಸುಲಭ ಅನ್ನಿಸುತ್ತದೆ. ಎಲ್ಲಿ ಬಿಡಬೇಕೆಂದು ಗೊತ್ತಾಗದೆ ಹತ್ತು ಹಾಳೆ ಹಾಳಾಗುತ್ತವೆ. ನನ್ನವು ನೂರಾದರೂ ಹಾಳಾಗಿವೆ.

ಈಗ ನನ್ನದೇ ಒಂದು ಥಿಯರಿ. ಇದನ್ನು ಪೂರ್ತಿ ನಂಬಬೇಡಿ. ಆ ಕಾಲದ ಗಂಡಸರು ಗೆರೆಯಿಂದ ಶುರುಮಾಡಿದರು, ಹೆಂಗಸರು ಮೈಯಿಂದ. ಹೆಸರಾಂತ ವಿನ್ಯಾಸಕಿ ಕೊಕೊ ಶನೆಲ್ ಚಿತ್ರ ಬರೆಯುತ್ತಿರಲಿಲ್ಲ. ಹುಡುಗಿಯನ್ನು ಎದುರು ನಿಲ್ಲಿಸಿಕೊಂಡು ಕತ್ತರಿ, ಗುಂಡುಸೂಜಿಯಲ್ಲೇ ಕೆಲಸ. 1954ರಲ್ಲಿ, 70ರ ವಯಸ್ಸಿನಲ್ಲಿ, ಹದಿನೈದು ವರ್ಷ ಮುಚ್ಚಿದ್ದ ಮನೆ ತೆರೆದು ವಾಪಸ್ ಬಂದರು. ಈ ಬಿಗಿದ ಸೊಂಟ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಫ್ರೆಂಚ್ ಪತ್ರಿಕೆಗಳು ಮುಖ ಸಿಂಡರಿಸಿದವು, ಅಮೆರಿಕದವರು ಕೊಂಡುಕೊಂಡರು. ಇನ್ನೊಬ್ಬ ವಿನ್ಯಾಸಕಿ ಮದಾಂ ಗ್ರೆ ಶಿಲ್ಪಿಯಾಗಬೇಕೆಂದಿದ್ದವರು. ಜೆರ್ಸಿ ಬಟ್ಟೆಯನ್ನು ನೇರ ಮೈಮೇಲೆ ಹೊದಿಸಿ ನೆರಿಗೆ ಹಿಡಿಯುತ್ತಿದ್ದರು. 280 ಸೆಂಟಿಮೀಟರ್ ಅಗಲದ ಬಟ್ಟೆ ಅವರ ಕೈಯಲ್ಲಿ 7 ಸೆಂಟಿಮೀಟರಿಗೆ ಬಂದು ನಿಲ್ಲುತ್ತಿತ್ತು. ಸೀರೆ ಉಡುವವರಿಗೆ ಇದರ ಕಷ್ಟ ಗೊತ್ತು.

ಚೆಂದದ ಥಿಯರಿ. ಆದರೆ ಬಾಲೆನ್ಸಿಯಾಗಾ ಎಂಬ ವಿನ್ಯಾಸಕಾರರು ಬಂದು ಅದನ್ನು ಹಾಳುಮಾಡುತ್ತಾರೆ. ಗಂಡಸು, ಸ್ಪೇನಿನವರು, ದರ್ಜಿ ಹೆಂಗಸಿನ ಮಗ. ಕತ್ತರಿಸುವುದು, ಹೊಲಿಯುವುದು, ಎಲ್ಲಾ ಸ್ವಂತ ಕೈಯಲ್ಲೇ ಬರುತ್ತಿತ್ತು. ತೋಳು ಕೂರಲಿಲ್ಲ ಅಂದರೆ ಕಿತ್ತು ಮತ್ತೆ ಜೋಡಿಸುವ ಹುಚ್ಚು. ಐವತ್ತರ ದಶಕ ಮುಂದುವರಿದಂತೆ ಅವರ ಉಡುಪು ಸೊಂಟವನ್ನೇ ಬಿಟ್ಟುಕೊಟ್ಟಿತು. ಮೈಗೂ ಬಟ್ಟೆಗೂ ನಡುವೆ ಗಾಳಿ ಆಡತೊಡಗಿತು.

ಗೆರೆಯ ಕಡೆಯವರಲ್ಲಿ ಕೊನೆಯ ದೊಡ್ಡವರು ಇವ್ ಸ್ಯಾಂ ಲೊರಾನ್. 1936ರಲ್ಲಿ ಅಲ್ಜೀರಿಯಾದ ಒರಾನ್ ಊರಿನಲ್ಲಿ ಹುಟ್ಟಿದ ಹುಡುಗ. ಹದಿಹರೆಯದಲ್ಲಿ ಅಮ್ಮನ ಫ್ಯಾಷನ್ ಪತ್ರಿಕೆಗಳಿಂದ ಹೆಂಗಸರನ್ನು ಕತ್ತರಿಸಿ ಕಾಗದದ ಗೊಂಬೆ ಮಾಡಿಕೊಂಡಿದ್ದ. ಅವಕ್ಕೆ ನೂರಾರು ಕಾಗದದ ಉಡುಪು ಬರೆದು, ಬಣ್ಣ ಹಚ್ಚಿ, ತನ್ನದೇ ಒಂದು ಸುಳ್ಳು ಫ್ಯಾಷನ್ ಮನೆ ನಡೆಸುತ್ತಿದ್ದ. ಆ ಗೊಂಬೆಗಳು ಇಂದಿಗೂ ಉಳಿದಿವೆ. ಪ್ಯಾರಿಸ್ಸಿಗೆ ಬಂದ ಮೇಲೆ 'ವೋಗ್' ಸಂಪಾದಕ ಮಿಶೆಲ್ ದ ಬ್ರುನಾಫ್ ಅವನ ಚಿತ್ರಗಳನ್ನು ನೋಡಿ ಬೆಚ್ಚಿದರು. ಡಿಯೋರ್ ಇನ್ನೂ ಲೋಕಕ್ಕೆ ಬಿಡದಿದ್ದ 'ಎ' ಗೆರೆಗೆ ಅವು ಅಷ್ಟು ಹತ್ತಿರ ಇದ್ದವು. 1955ರಲ್ಲಿ ಡಿಯೋರ್ ಅವನನ್ನು ಸೇರಿಸಿಕೊಂಡರು. 1957ರಲ್ಲಿ ಡಿಯೋರ್ ಇಟಲಿಯಲ್ಲಿ ತೀರಿಕೊಂಡಾಗ ಇಡೀ ಮನೆಯ ಹೊಣೆ 21ರ ಹುಡುಗನ ಹೆಗಲಿಗೆ ಬಿತ್ತು.

ಅವನು ಸೇರಿದ ವರ್ಷವೇ ರಿಚರ್ಡ್ ಅವೆಡನ್ ಪ್ಯಾರಿಸ್ಸಿನ ಒಂದು ಸರ್ಕಸ್ಸಿನಲ್ಲಿ ಆನೆಗಳ ನಡುವೆ ಡೊವಿಮಾ ಎಂಬ ರೂಪದರ್ಶಿಯನ್ನು ನಿಲ್ಲಿಸಿ ಫೋಟೋ ತೆಗೆದರು. ಅವಳು ತೊಟ್ಟಿದ್ದು ಈ ಹುಡುಗ ಡಿಯೋರ್ ಮನೆಗೆ ಮಾಡಿದ ಉಡುಪು. ಆ ಫೋಟೋದಲ್ಲಿ ಬೆಲ್ಟಿನ ಬಿಳಿ ಪಟ್ಟಿ ನೆಲದ ತನಕ ಒಂದೇ ಗೆರೆಯಾಗಿ ಇಳಿದಿದೆ. ಗ್ರುವೋ ಬರೆದಂತೆಯೇ ಇದೆ. ಕ್ಯಾಮೆರಾ ಗೆರೆ ಎಳೆಯುವುದನ್ನು ಕಲಿತುಕೊಂಡಿತು, ಚಿತ್ರಗಾರರ ಕೆಲಸ ಕಡಿಮೆಯಾಗುತ್ತಾ ಹೋಯಿತು. ಗ್ರುವೋ ಮಾತ್ರ ಜಾಹೀರಾತಿನಲ್ಲಿ ಉಳಿದರು. 1966ರಲ್ಲಿ ಬಂದ ಗಂಡಸರ ಸೆಂಟು 'ಓ ಸೊವಾಜ್'ಗೆ ಅವರು ಬರೆದ ರೋಮದ ಕಾಲಿನ ಗಂಡಸರನ್ನು ನೋಡಿದರೆ ಈಗಲೂ ನಗು ಬರುತ್ತದೆ. 2004ರವರೆಗೆ ಬದುಕಿದ್ದರು.

ಇನ್ನೊಂದು ಬಗೆಯ ಚಿತ್ರವನ್ನು ತೋರಿಸಿ ಮುಗಿಸುತ್ತೇನೆ ಅಂದುಕೊಂಡಿದ್ದೆ. ಫ್ರಾನ್ಸಿನ ಸಣ್ಣ ಊರುಗಳ ಹೆಂಗಸರು ಡಿಯೋರ್ ಮನೆಗೆ ಹೋದವರಲ್ಲ. 'ಮೋದ್ ಎ ತ್ರಾವೋ'ದಂಥ ಪತ್ರಿಕೆ ತರಿಸಿ, ಅದರ ಜೊತೆ ಬಂದ ಪ್ಯಾಟರ್ನ್ ಹಾಳೆ ಹರಡಿಕೊಂಡು ಮನೆಯಲ್ಲೇ ಹೊಲಿದವರು, ಇಲ್ಲವೇ ಬೀದಿಯ ದರ್ಜಿ ಹೆಂಗಸಿಗೆ ಕೊಟ್ಟು ಹೊಲಿಸಿದವರು. ಆ ಪುಟಗಳಲ್ಲಿ ದೊಡ್ಡ ಚಿತ್ರದ ಪಕ್ಕ ಹೆಬ್ಬೆಟ್ಟಿನಷ್ಟು ಇನ್ನೊಂದು ಚಿತ್ರ ಇರುತ್ತದೆ. ಉಡುಪಿನ ಬೆನ್ನು. ಮುಖವಿಲ್ಲ, ಭಂಗಿಯಿಲ್ಲ, ಹೊಲಿಗೆ ಎಲ್ಲಿ, ಗುಂಡಿ ಎಲ್ಲಿ ಅಂತ ಮಾತ್ರ. ಅದನ್ನು ಬರೆದವರ ಹೆಸರು ಎಲ್ಲೂ ಇರುವುದಿಲ್ಲ. ಆದರೆ ಅವತ್ತು ಸ್ಲೈಡ್ ತೆರೆಯಲಿಲ್ಲ. ಫೈಲ್ ಕೆಟ್ಟಿತ್ತು. ಸರಿ, ಇಷ್ಟೇ ಅಂತ ಕೈಮುಗಿದೆ.

ಪ್ರಶ್ನೆಗಳ ಸಮಯದಲ್ಲಿ ಹೊಲಿಗೆ ತರಗತಿಯ ಒಬ್ಬರು ಎದ್ದರು. ಐವತ್ತರ ಆಸುಪಾಸು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

"ಮೇಡಂ, ಆ ಜಾಕೆಟ್ ಚಿತ್ರದಲ್ಲಿ ಬೆನ್ನು ಎಲ್ಲಿ? ಬೆನ್ನು ನೋಡ್ದೆ ಹೊಲಿಯೋದು ಹೆಂಗೆ?"

"ನೀವೇ ಬರೆದು ತೋರಿಸಿ ಅಕ್ಕ" ಅಂದೆ. ಬರಲ್ಲ ಬರಲ್ಲ ಅನ್ನುತ್ತಲೇ ಬೋರ್ಡಿನ ಹತ್ತಿರ ಬಂದರು. ಮೊದಲು ಭುಜ. ಆಮೇಲೆ ಕಂಕುಳಿನಿಂದ ಸೊಂಟಕ್ಕೆ ಎರಡು ಬಾಗು ಗೆರೆ. "ಪ್ರಿನ್ಸೆಸ್ ಕಟ್ ಇಲ್ದೆ ಹಿಂಗೆ ಕೂರಲ್ಲ" ಅಂದರು. ನಡುವೆ ಒಂದು ಹೊಲಿಗೆ. ಕೆಳಗೆ ಅರಳುವ ಕಡೆ ಅಡ್ಡಗೆರೆ ಹಾಕಿ "ಇಲ್ಲಿ ಕ್ಯಾನ್ವಾಸ್" ಅಂದರು. ಹಿಂದೆ ಸರಿದು ನೋಡಿದರು. ಪರದೆಯ ಮೇಲೆ ಜಾಕೆಟ್ ಫೋಟೋ ಇನ್ನೂ ಇತ್ತು. ಅವರು ಬರೆದ ಸೊಂಟ ಅದಕ್ಕಿಂತ ಅಗಲ ಇತ್ತು. ಒಬ್ಬ ಹುಡುಗ ಅದನ್ನು ತೋರಿಸಿದ.

"ಎರಡು ಇಂಚು ಲೂಸ್ ಬಿಟ್ಟಿದೀನಿ ಕಣಪ್ಪಾ" ಅಂದರು. "ಅವಳೂ ಊಟ ಮಾಡ್ಬೇಕಲ್ಲ."